ಕೈ ಎತ್ತಿದವರು ಇಬ್ಬರು

ಮ್ಯಾನೇಜರು ಹೊಲಿಗೆ ಹಾಲಿನ ನಡುವೆ ನಿಂತು, "ಪ್ಯಾಟರ್ನ್ ಪೇಪರ್ ಯಾರ್ಯಾರು ಮನೆಗೆ ತಗೊಂಡು ಹೋಗಿದ್ದೀರೋ ಕೈ ಎತ್ರಮ್ಮಾ. ಹೆದರ್ಕೋಬೇಡಿ, ಏನೂ ಮಾಡಲ್ಲ" ಎಂದರು. ನಾನು ಎತ್ತಿದೆ. ನನ್ನಂಥ ಪೆದ್ದಿ ಇಡೀ ಪೀಣ್ಯದಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ, ನನ್ನ ಕೈ ನೋಡಿಕೊಂಡು ಪಕ್ಕದ ಮೆಷಿನ್ನಿನವಳೂ ಎತ್ತಿದಳು. ಉಳಿದ ಮೂವತ್ತೆಂಟು ತಲೆಗಳು ಬಟ್ಟೆಯ ಮೇಲೆ ಬಗ್ಗಿದವು.

ಎಂಬತ್ತರ ದಶಕದ ನಡುಭಾಗ. ಅದು ಹೊರದೇಶಕ್ಕೆ ಬಟ್ಟೆ ಕಳಿಸುವ ಗಾರ್ಮೆಂಟ್ಸ್. ನಾನು ಅಲ್ಲಿ ಸ್ಯಾಂಪಲ್ ಹೊಲಿಯುವವಳು. ಪರದೇಶದಿಂದ ಹೊಸ ಫ್ಯಾಶನ್ನಿನ ಚಿತ್ರ ಬಂದರೆ ಕಟಿಂಗ್ ಮಾಸ್ಟರು ದಪ್ಪ ಖಾಕಿ ಕಾಗದದಲ್ಲಿ ತೋಳು, ಕಾಲರು, ಎದೆಭಾಗ ಎಂದು ಅಳತೆಯ ತುಂಡುಗಳನ್ನು ಕತ್ತರಿಸುತ್ತಿದ್ದರು. ಅದೇ ಪ್ಯಾಟರ್ನು. ಅದರಂತೆ ಮೊದಲ ಉಡುಪು ಹೊಲಿಯುವುದು ನನ್ನ ಕೆಲಸ. ಮಾಲು ಹಡಗು ಹತ್ತಿದ ಮೇಲೆ ಆ ಕಾಗದ ಬರೀ ಕಸ. ಜೂನ್ ತಿಂಗಳಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಮಾಸ್ಟರು ಹಳೆಯ ತುಂಡುಗಳನ್ನೆಲ್ಲ ಕಂತೆ ಕಟ್ಟಿ ನಮಗೆ ಹಂಚುತ್ತಿದ್ದರು. ನಾವು ಅದನ್ನು ಊಟದ ಡಬ್ಬಿಯ ಕೆಳಗೆ ಮಡಿಸಿಟ್ಟುಕೊಂಡು ಹೋಗಿ ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆವು. ಅಂಗಡಿಯ ಕಾಗದ ದಸರಾಕ್ಕೇ ಹರಿಯುತ್ತಿತ್ತು, ಇದು ಪರೀಕ್ಷೆಯವರೆಗೂ ಬರುತ್ತಿತ್ತು. ಗೇಟಿನ ವಾಚ್‌ಮನ್ ಕೂಡ ಎರಡು ತುಂಡು ಕೇಳಿ ಇಸಿದುಕೊಳ್ಳುತ್ತಿದ್ದ. ಅದಕ್ಕೊಬ್ಬ ಯಜಮಾನ ಇದ್ದಾನೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಆ ವರ್ಷ ಬೈಯರ್, ಅಂದರೆ ನಮ್ಮ ಮಾಲು ಕೊಳ್ಳುವ ಪರದೇಶದ ಕಂಪನಿಯ ಕಡೆಯವನೊಬ್ಬ ಬೆಂಗಳೂರಿಗೆ ಬಂದವನು ಪೇಟೆಯ ಅಂಗಡಿಯೊಂದರಲ್ಲಿ ನಮ್ಮದೇ ಮಾದರಿಯ ಬ್ಲೌಸು ತೂಗುಹಾಕಿದ್ದನ್ನು ಕಂಡನಂತೆ. ಎದೆಯ ಮೇಲೆ ಓರೆಯಾಗಿ ಬರುವ ಮೂರು ನೆರಿಗೆ, ಅದೇ ಅಂತರ, ಅದೇ ಮಡಿಕೆ. ಹಡಗು ಹತ್ತಿದ ನಮ್ಮ ಮಾಲು ಇನ್ನೂ ಅವರ ದೇಶದ ಅಂಗಡಿಗೇ ಹೋಗಿರಲಿಲ್ಲ. ಡಿಸೈನು ಹೊರಗೆ ಹೇಗೆ ಹೋಯಿತು, ಕೋರ್ಟಿಗೆ ಎಳೆಯುತ್ತೇನೆ ಎಂದು ಕೂಗಾಡಿದ. ಹೋಗುವುದಕ್ಕೆ ನೂರು ದಾರಿಯಿತ್ತು. ಮಹಡಿ ಮೇಲಿನ ಆಫೀಸಿನಿಂದ ಹೋಗಿರಬಹುದು, ಬಟ್ಟೆ ಮಾರುವವರಿಂದ ಹೋಗಿರಬಹುದು. ಹುಡುಕಿದ್ದು ಮಾತ್ರ ಕೆಳಗೆ ಕೂತ ನಮ್ಮನ್ನು.

ಕೈ ಎತ್ತಿದ ಮೂರನೆಯ ದಿನ ನಮ್ಮಿಬ್ಬರಿಗೂ ಇಂಗ್ಲಿಷಿನಲ್ಲಿ ಟೈಪು ಮಾಡಿದ ಚಾರ್ಜ್‌ಶೀಟು ಬಂತು. ಆಫೀಸಿನವರು ಓದಿ ಹೇಳಿದರು: ಕಂಪನಿಯ ಸ್ವತ್ತು ಕದ್ದದ್ದು, ಡಿಸೈನು ಹೊರಗಿನವರಿಗೆ ಕೊಟ್ಟದ್ದು. ಹತ್ತು ದಿನಕ್ಕೆ ಎನ್‌ಕ್ವೈರಿ, ಅಲ್ಲಿಯವರೆಗೆ ಸಸ್ಪೆಂಡು. ಮನೆಯವರು ಬೆನ್ನುನೋವಿನಿಂದ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಕಳ್ಳಿ ಎಂಬ ಹೆಸರು ಹೊತ್ತು ಹೊರಬಿದ್ದರೆ ಆ ರಸ್ತೆಯ ಯಾವ ಗಾರ್ಮೆಂಟ್ಸಿನವರೂ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಮ್ಯಾನೇಜರುಗಳೆಲ್ಲ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವವರು.

ಪಕ್ಕದ ಮೆಷಿನ್ನಿನವಳು ನಾಗಸಂದ್ರದ ಆಚೆಯ ಹಳ್ಳಿಯವಳು. ಇಪ್ಪತ್ತೆರಡು ವರ್ಷವಿರಬೇಕು. ಕೆಲಸಕ್ಕೆ ಸೇರಿದಾಗ ಅವಳಿಗೆ ಗುಂಡಿಗೆ ಕಾಜಾ ಹಾಕುವುದು ಕಲಿಸಿದವಳು ನಾನೇ. ನಾನು ಟೀ ಕುಡಿದರೆ ಅವಳೂ ಕುಡಿಯುವಳು, ನಾನು ಎದ್ದರೆ ಅವಳೂ ಏಳುವಳು. ಇದರಿಂದ ನನಗೆ ಒಳಗೊಳಗೇ ಹೆಮ್ಮೆಯಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಚಾರ್ಜ್‌ಶೀಟು ಕೈಗೆ ಬಂದ ದಿನ ಅವಳು, "ಅಕ್ಕಾ, ನೀವಿದೀರಲ್ಲ, ನಂಗೇನು ಭಯ" ಎಂದು ಬಸ್ಸು ಹತ್ತಿದ್ದಳು.

ಯಾರೋ ಹೇಳಿದರೆಂದು ಮಾರನೆಯ ದಿನ ನಾನು ಯೂನಿಯನ್ ಆಫೀಸು ಹುಡುಕಿಕೊಂಡು ಹೋದೆ. ಸೈಕಲ್ ಶಾಪಿನ ಮೇಲೆ ಒಂದೇ ಕೋಣೆ. ಅಲ್ಲಿದ್ದ ಹಿರಿಯರು ಚಾರ್ಜ್‌ಶೀಟನ್ನು ಎರಡು ಸಲ ಓದಿ, "ತಗೊಂಡೆ ಅಂತ ಬರೆದುಕೊಟ್ಟಿದ್ದೀಯೇನಮ್ಮಾ?" ಎಂದರು.

"ಇಲ್ಲ ಸಾರ್. ಕೈ ಎತ್ತಿದೆ, ಅಷ್ಟೇ."

"ಹಾಗಾದ್ರೆ ತಗೊಂಡೇ ಇಲ್ಲ ಅನ್ನು. ಕಸ ಅಂತ ತಗೊಂಡೆ, ಮಾಸ್ಟರ್ ಕೊಟ್ರು ಅಂತೆಲ್ಲ ಬಿಡಿಸಿ ಹೇಳೋಕೆ ಹೋದ್ಯೋ, ಕದ್ದಿದ್ದು ಒಪ್ಕೊಂಡ್ಲು ಅಂತ ಬರ್ಕೋತಾರೆ. ನಿನ್ನ ವಿರುದ್ಧ ಸಾಕ್ಷಿ ಹೇಳೋಕೆ ಅಲ್ಲಿರೋ ಒಬ್ಬಳೂ ಬರಲ್ಲ. ಎಲ್ಲರ ಮನೇಲೂ ಅದೇ ಬೈಂಡು ತಾನೆ?"

ಸತ್ಯ ಹೇಳಿದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿದರೆ ಉಳಿಯುತ್ತದೆ. ಕಾನೂನು ಎಂದರೆ ಇದೇನಾ ಎಂದು ರೇಗಿತು. ಆದರೂ ತಲೆಯಾಡಿಸಿದೆ. ಮೆಟ್ಟಿಲಿಳಿಯುವಾಗ ಅವರು ಕರೆದು, "ಇನ್ನೊಬ್ಬ ಹುಡುಗಿ ಇದಾಳೆ ಅಂದ್ಯಲ್ಲ, ಅವಳನ್ನೂ ಕರ್ಕೊಂಡು ಬಾ. ಇಬ್ಬರೂ ಒಂದೇ ಮಾತು ಹೇಳಿದ್ರೆ ಅವರ ಕೈಲಿ ಏನೂ ಆಗಲ್ಲ" ಎಂದರು. ಕರೆತರುತ್ತೇನೆ ಎಂದೆ.

ಮನೆಗೆ ಬಂದು ಮಗಳ ಪುಸ್ತಕಗಳ ಬೈಂಡನ್ನೆಲ್ಲ ಕಿತ್ತೆ. ಗಣಿತಕ್ಕೆ ತೋಳು, ಕನ್ನಡಕ್ಕೆ ಅರ್ಧ ಕಾಲರು. ಸಮಾಜದ ನೋಟ್‌ಬುಕ್ಕಿನದನ್ನು ಬಿಚ್ಚಿ ಹರಡಿದರೆ ಓರೆಯಾಗಿ ಮೂರು ನೆರಿಗೆಯ ಗುರುತು. ಅದೇ ಬ್ಲೌಸಿನ ಎದೆಭಾಗ. ಆ ಪುಸ್ತಕ ದಿನಾ ಸ್ಕೂಲಿಗೆ ಹೋಗಿ ಬಂದಿದೆ, ಪಕ್ಕದ ಬೀದಿಯ ಟೈಲರ್ ಮಗಳ ಜೊತೆ ಕೂತು ನನ್ನ ಮಗಳು ಅದರಲ್ಲಿ ಬರೆದಿದ್ದಾಳೆ. ಯಾರ ಕಣ್ಣಿಗೆ ಬಿತ್ತೋ ಏನೋ. ನಿಜಕ್ಕೂ ನನ್ನ ಮನೆಯಿಂದಲೇ ಹೋಗಿದ್ದರೆ? ಅದಕ್ಕೆ ಉತ್ತರ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲವನ್ನೂ ನೀರೊಲೆಗೆ ತುರುಕಿದೆ. ಮಗಳು ಅತ್ತಳು. ನ್ಯೂಸ್‌ಪೇಪರು ಸುತ್ತಿಕೊಟ್ಟೆ.

ಹಳ್ಳಿಗೆ ಹೋಗಿ ಪಕ್ಕದ ಮೆಷಿನ್ನಿನವಳನ್ನು ಕರೆತರಲು ಬಸ್ಸಿತ್ತು, ದಿನವೂ ಇತ್ತು. ನಾಳೆ ಹೋಗೋಣ ಎಂದು ಎನ್‌ಕ್ವೈರಿಯವರೆಗೂ ತಳ್ಳಿದೆ. ಅವಳ ಬಾಯಿ ಭದ್ರವಿಲ್ಲ, ಅಕ್ಕ ಹೀಗೆ ಹೇಳಿಕೊಟ್ಟರು ಎಂದು ಬಡಬಡಿಸಿಬಿಟ್ಟರೆ ನಾನೂ ಮುಳುಗುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಪೊಲೀಸರೇ ಬಂದರೆಂದು ಒಳಗಿಂದ ಇಣುಕುತ್ತಿದ್ದೆ.

ಎನ್‌ಕ್ವೈರಿ ನಡೆದದ್ದು ಮ್ಯಾನೇಜರ ಕೋಣೆಯಲ್ಲಿ. ಹೊರಗಿನಿಂದ ಬಂದ ವಕೀಲರೊಬ್ಬರು ಪ್ರಶ್ನೆ ಕೇಳುವವರು, ಪಕ್ಕದಲ್ಲಿ ಟೈಪಿಸ್ಟು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನನ್ನನ್ನು ಮೊದಲು ಕರೆದರು.

"ಕಾಗದ ತಗೊಂಡು ಹೋಗಿದ್ದು ಹೌದಾ?"

"ಇಲ್ಲ ಸಾರ್."

"ಎಲ್ಲರ ಎದುರಿಗೆ ಕೈ ಎತ್ತಿದ್ರಲ್ಲ?"

ಇದಕ್ಕೆ ಏನು ಹೇಳಬೇಕೆಂದು ಹಿರಿಯರು ಹೇಳಿಕೊಟ್ಟಿರಲಿಲ್ಲ. ನಮ್ಮ ಹಾಲಿನಲ್ಲಿ ಬಾತ್‌ರೂಮಿಗೆ ಹೋಗಬೇಕಾದರೆ ಕೈ ಎತ್ತಬೇಕು, ಸೂಪರ್‌ವೈಸರ್ ತಗಡಿನ ಟೋಕನ್ ಕೊಟ್ಟರೆ ಮಾತ್ರ ಏಳಬಹುದು. ಅದು ಎಲ್ಲಿಂದಲೋ ಬಾಯಿಗೆ ಬಂತು.

"ಟೋಕನ್ನಿಗೆ ಎತ್ತಿದೆ ಸಾರ್. ಅವರು ಏನು ಕೇಳಿದ್ರೋ ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಹೆಂಗಸರ ಕಷ್ಟ, ಇನ್ನೇನು ಅಂತ ಬಿಡಿಸಿ ಹೇಳ್ಲಿ."

ವಕೀಲರು ಫೈಲಿನೊಳಗೆ ಮುಖ ಇಟ್ಟುಕೊಂಡರು. ಮ್ಯಾನೇಜರು, "ಸುಳ್ಳು ಹೇಳ್ತಾಳೆ" ಎಂದು ಮೇಜು ಗುದ್ದಿದರು. ಆದರೆ ಟೈಪಿಸ್ಟು ಆಗಲೇ ಹೊಡೆದಾಗಿತ್ತು. ನಾನು ಸಹಿ ಹಾಕಿ ಏಳುವಾಗ ವಕೀಲರು ದನಿ ತಗ್ಗಿಸಿ, "ಬಿಡಿ, ಇನ್ನೊಬ್ಬಳು ಇದಾಳಲ್ಲ. ಬೈಯರಿಗೆ ತೋರಿಸೋಕೆ ಒಬ್ಬರು ಸಾಕು" ಎಂದದ್ದು ನನ್ನ ಕಿವಿಗೆ ಬಿತ್ತು.

ಹೊರಗೆ ಬಂದೆ. ಅವಳು ಬೆಂಚಿನಿಂದ ಎದ್ದು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಏನಂತ ಏಳ್ಬೇಕು?"

ಹೇಳಲು ಸಮಯವಿರಲಿಲ್ಲ ಎಂದು ಬಹಳ ವರ್ಷ ನನ್ನನ್ನೇ ನಂಬಿಸಿಕೊಂಡಿದ್ದೆ. ಇತ್ತು. ಟೋಕನ್ನಿಗೆ ಅಂತ ಹೇಳು ಎನ್ನಲು ಮೂರು ಮಾತು ಸಾಕಿತ್ತು. ಒಬ್ಬರು ಸಾಕು ಎಂಬುದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಆ ಒಬ್ಬಳು ನಾನಾಗಬಾರದು.

"ಇರೋದ್ನ ಹೇಳು. ಹೆದರ್ಬೇಡ" ಎಂದೆ.

ಅವಳು ಹೇಳಿದಳು. ಕಾಗದ ತೆಗೆದುಕೊಂಡದ್ದು, ತಮ್ಮಂದಿರ ಪುಸ್ತಕಕ್ಕೆ ಹಾಕಿದ್ದು, ಎಲ್ಲವನ್ನೂ. ಅಕ್ಕನೂ ತಗೊಂಡಿದ್ದಳೇ ಎಂದು ಎರಡು ಸಲ ಕೇಳಿದರಂತೆ. ನಾನು ನೋಡಿಲ್ಲ ಎಂದಳಂತೆ. ಅವಳು ನೋಡಿದ್ದಳು. ನಮ್ಮಿಬ್ಬರದೂ ಒಂದೇ ಕಂತೆ, ಹಂಚಿಕೊಂಡವರು ನಾವೇ.

ಸೋಮವಾರ ನನ್ನನ್ನು ವಾಪಸು ಕರೆದರು. ಅದರ ಮುಂದಿನ ವಾರ ಶಿಫ್ಟು ಬಿಟ್ಟಾಗ ಅವಳು ಗೇಟಿನ ಆಚೆ ನಿಂತಿದ್ದಳು, ಕೈಯಲ್ಲಿ ಡಿಸ್ಮಿಸ್ ಆರ್ಡರು.

"ನೀವ್ ಏಳ್ದಂಗೆ ಇರಾದ್ನೇ ಏಳ್ದೆ ಕಣಕ್ಕಾ. ನಿಮ್ಗೇನೂ ಆಗ್ಲಿಲ್ವಲ್ಲ, ಸದ್ಯ" ಎಂದಳು. ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಇದ್ರಾಗೆ ಏನ್ ಬರ್ದವ್ರೆ ಓದಕ್ಕಾ. ಇನ್ನೆಲ್ಲಾದ್ರೂ ಓಗಿ ಕೇಳಾಕಾಯ್ತದಾ?"

ಆಗುತ್ತಿತ್ತು. ಲೇಬರ್ ಕೋರ್ಟಿತ್ತು. ಅದಕ್ಕೂ ಮೊದಲು ಸೈಕಲ್ ಶಾಪಿನ ಮೇಲಿನ ಆ ಕೋಣೆಯಿತ್ತು, ಎರಡು ಸ್ಟಾಪಿನ ದೂರ, ಆ ಹೊತ್ತಿನಲ್ಲಿ ಹಿರಿಯರು ಅಲ್ಲೇ ಇರುತ್ತಿದ್ದರು. ಅವಳು ಹೋದರೆ ಅವರು ಮೊದಲು ಕೇಳುವ ಮಾತೂ ನನಗೆ ಗೊತ್ತಿತ್ತು. ನಿನ್ನ ಅಕ್ಕ ನಿನಗೆ ಹೇಳಲಿಲ್ಲವೇನಮ್ಮಾ?

ನಾನು ಇಂಗ್ಲಿಷಿನ ಆರ್ಡರನ್ನು ಓದುವವಳ ಹಾಗೆ ಕೊನೆಯ ಸಾಲಿನವರೆಗೂ ಕಣ್ಣಾಡಿಸಿ, ಮಡಿಸಿ ವಾಪಸು ಕೊಟ್ಟೆ.

"ಇಲ್ಲ ಕಣಮ್ಮಾ. ಇದು ಇಲ್ಲಿಗೇ ಮುಗೀತು" ಎಂದೆ. ನನ್ನ ಬಸ್ಸು ಬರುವವರೆಗೆ ಅವಳು ನನ್ನ ಜೊತೆಗೇ ನಿಂತಿದ್ದಳು.