ಮಾವನ ರಿವಾಲ್ವರಿಗೊಂದು ಸ್ಕೋಪ್

…ಅಥವಾ ಆ ಬಂದೂಕಿನ ಅಂಗಡಿ ಸಟನ್‌ನಲ್ಲಿ ಇರಲೇ ಇಲ್ಲವೇನೋ. ಹೇಸ್ ಕಡೆಯ ಗೋದಾಮುಗಳ ಬೀದಿಯೊಂದನ್ನು ನಾನೇ ನೆನಪಿನಲ್ಲಿ ಎತ್ತಿ ತಂದು ಅಲ್ಲಿ ಇಟ್ಟಿರಬಹುದು. ಬೆಳಕು ಮಾತ್ರ ನೆನಪಿದೆ: ನೀರು ಮಜ್ಜಿಗೆಯಂಥ, ನೆರಳು ಬೀಳಿಸದ ಬೆಳಕು. ಅದನ್ನೂ ಪೂರ್ತಿ ನಂಬಲಾರೆ. ಲಂಡನ್ನಿನ ಎಷ್ಟೋ ಮಧ್ಯಾಹ್ನಗಳು ಹಾಗೇ ಇರುತ್ತವೆ.

ಮಾವ, ಅಂದರೆ ಅಮ್ಮನ ತಮ್ಮ, ಅಮೆರಿಕದಿಂದ ಕ್ವೀನ್ಸ್‌ಬರಿಯ ನಮ್ಮ ಮನೆಗೆ ಬಂದಿದ್ದರು. ಕುಂದಾಪುರದ ಮನುಷ್ಯ, ಅಮೆರಿಕದಲ್ಲಿ ಗೆಳೆಯರ ಜೊತೆ ಸೇರಿ ಜಿಂಕೆ ಬೇಟೆ ಕಲಿತಿದ್ದರು, ಅದೂ ಕೋವಿಯಲ್ಲಲ್ಲ, ಉದ್ದ ನಳಿಕೆಯ ರಿವಾಲ್ವರಿನಲ್ಲಿ. ಆ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಗುರಿಯನ್ನು ಹತ್ತಿರ ಮಾಡಿ ತೋರಿಸುವ ಸ್ಕೋಪ್ ಕೂರಿಸಿದರೆ ಇನ್ನಷ್ಟು ಕಾಲ ಬೇಟೆಗೆ ಹೋಗಬಹುದೆಂಬ ಆಸೆ ಅವರಿಗೆ. ಅಮೆರಿಕದ ತಮ್ಮ ಊರಿನ ಅಂಗಡಿಯಲ್ಲಿ ನೋಡೋಣವೆಂದರೆ ಅಲ್ಲಿ ಹರಟುತ್ತ ಕೂರುವವರೆಲ್ಲ ಅದೇ ಗೆಳೆಯರು. ಕೈ ಅವರ ಕಣ್ಣಿಗೆ ಬೀಳಬಾರದಿತ್ತು, ಅದಕ್ಕೇ ಲಂಡನ್ನಿನಲ್ಲೇ ಕೊಳ್ಳುವ ಯೋಚನೆ.

"ಚಾ ಲೋಟ ಸಮ ಹಿಡೂಕ್ ಆತಿಲ್ಲೆ, ಜಿಂಕಿ ಹೊಡೂಕ್ ಹೊರಟಿದ," ಅಂದಳು ಅಮ್ಮ.

"ಲೋಟ ಓಡಿ ಹೋತಿಲ್ಲೆ ಅಕ್ಕ, ಅದಕ್ಕೆ ಸ್ಕೋಪ್ ಬ್ಯಾಡ."

ನಾನು ಅವರನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಈ ದೇಶದಲ್ಲಿ ಪಿಸ್ತೂಲುಗಳನ್ನು ನಿಷೇಧಿಸಿ ಕೆಲವು ವರ್ಷಗಳಾಗಿದ್ದವು. ಅಂಗಡಿಯವನು ಹಾಗಾಗಿ ಮಾರಾಟವಾಗದೆ ಉಳಿದಿದ್ದ ಎರಡು ಸ್ಕೋಪ್‌ಗಳನ್ನು ಒಳಗಿನಿಂದ ತಂದು ಧೂಳು ಒರೆಸಿದ. ಮಾವ ಒಂದನ್ನು ದುರ್ಬೀನಿನಂತೆ ಕಣ್ಣಿಗೇ ಒತ್ತಿಕೊಂಡರು.

"ಎಂತದೂ ಕಾಂಬುದಿಲ್ಲೆ ಮಾರಾಯ್ತಿ. ಬರೀ ಕಪ್ಪು."

ಅಂಗಡಿಯವನು ಅವರ ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಇದು ಕೈಬಂದೂಕಿನದು, ತೋಳು ಚಾಚಿ ದೂರದಿಂದಲೇ ನೋಡಬೇಕು. ಜನರ ಕಡೆ ಬೇಡ, ಎದುರಿನ ಮಾಡಿನ ಮೇಲಿನ ಚಿಮಣಿ ನೋಡಿ ಎಂದ. ತೋಳು ಚಾಚಿದಂತೆ ಕಪ್ಪು ಕರಗಿತು, ಪುಟ್ಟ ವೃತ್ತದೊಳಕ್ಕೆ ಇಟ್ಟಿಗೆಯ ಚಿಮಣಿ ತೇಲಿ ಬಂತು. ಅದು ನನಗೆ ಹೇಗೆ ಗೊತ್ತು? ನಾನು ನಿಂತಿದ್ದು ಅವರ ಬೆನ್ನ ಹಿಂದೆ. ಆದರೂ ನೆನಪು ಪ್ರತಿ ಸಲ ನನ್ನನ್ನು ಅವರ ಕಣ್ಣೊಳಗೆ ಕೂರಿಸುತ್ತದೆ.

ಮೊದಲನೆಯದರಲ್ಲಿ ಚಿಮಣಿ ತೀರ ಹತ್ತಿರ ಬಂದು, ನೀರಿನೊಳಗಿರುವಂತೆ ತೂಗಾಡಿತು. ಎಷ್ಟು ದೊಡ್ಡದು ಮಾಡಿ ತೋರಿಸುತ್ತದೋ, ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ ಎಂದ ಅಂಗಡಿಯವನು, ಯಾರ ಮುಖವನ್ನೂ ನೋಡದೆ. ಇನ್ನೊಂದು ಸ್ಕೋಪ್ ಚಿಮಣಿಯನ್ನು ಎರಡು ಪಟ್ಟಷ್ಟೇ ಹಿಗ್ಗಿಸುವಂಥದು. ಮಾವ ಅದನ್ನು ಹಿಡಿದು ಬಹಳ ಹೊತ್ತು ನಿಂತರು. ಹೊರಗೆ ಬಸ್ಸೊಂದು ಸದ್ದಿಲ್ಲದೆ ಸರಿದು ಹೋಯಿತು, ಅಥವಾ ಸದ್ದನ್ನು ನಾನು ಮರೆತಿದ್ದೇನೆ.

"ಸಮ ಇದ್ಯಾ, ಮಾವ?"

"ಹ್ಞಾಂ. ಅಲ್ಲಾಡುದಿಲ್ಲೆ. ಇದೇ ಇರ್ಲಿ."

ಹೇಳಿ, ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿದರು.

ಅಮೆರಿಕಕ್ಕೆ ಮರಳಿದ ಮೇಲೆ ಅವರು ಫೋನಿನಲ್ಲಿ ಹಿಮದ ಬಗ್ಗೆ, ಮಕ್ಕಳ ಬಗ್ಗೆ ಮಾತಾಡುತ್ತಿದ್ದರು. ಬೇಟೆಯ ಮಾತು ನಾವೂ ತೆಗೆಯಲಿಲ್ಲ. ಆ ಚಳಿಗಾಲ ಅವರು ಗೆಳೆಯರ ಜೊತೆ ಕಾಡಿಗೆ ಹೋದರೋ, ಸ್ಕೋಪ್ ಡಬ್ಬಿಯಲ್ಲೇ ಉಳಿಯಿತೋ ನನಗೆ ಗೊತ್ತಿಲ್ಲ. ಆ ವೃತ್ತದೊಳಗೆ ಚಿಮಣಿ ನಿಜವಾಗಿ ಅಲ್ಲಾಡದೆ ನಿಂತಿತ್ತೇ ಎಂಬುದೂ ಗೊತ್ತಿಲ್ಲ.