ಮುಖ ಕಾಣದ ರಾಣಿ

ನಮ್ಮ ಬಡಾವಣೆಯ ಬೇಕರಿಯಲ್ಲಿ ಒಳಬಾಗಿಲಿಗೆ ಹೊಸದಾಗಿ ಮಣಿಗಳ ಪರದೆ ಕಟ್ಟಿದ್ದಾರೆ, ನೊಣ ಬಾರದಿರಲೆಂದು. ನಿನ್ನೆ ಬೆಳಿಗ್ಗೆ ಬ್ರೆಡ್ ತರಲು ಹೋದಾಗ ಬೇಕರಿಯಾತ ಅದನ್ನು ಸರಿಸಿಕೊಂಡು ಹೊರಬಂದ. ಜೇನುಬಣ್ಣದ ಪ್ಲಾಸ್ಟಿಕ್ ಮಣಿಗಳು ಒಂದಕ್ಕೊಂದು ತಾಗಿ ಸಳಸಳ ಎಂದವು. ಏನು ಬೇಕೆಂದು ಆತ ಎರಡು ಸಲ ಕೇಳಬೇಕಾಯಿತು. ನನಗೆ ಸೌದಿಯ ದಮ್ಮಾಮಿನ ನಮ್ಮ ಕ್ಯಾಂಪು ನೆನಪಾಗಿತ್ತು. ಅಲ್ಲಿನ ಮೇಷ್ಟ್ರು ನೆನಪಾಗಿದ್ದರು...

ಅದು ತೊಂಬತ್ತರ ದಶಕದ ನಡುಭಾಗ. ತೈಲ ಕಂಪನಿಗಳಿಗೆ ಪೈಪು, ಟ್ಯಾಂಕುಗಳ ಕೆಲಸ ಮಾಡಿಕೊಡುವ ಒಂದು ಸಂಸ್ಥೆಯಲ್ಲಿ ನಾನು ಹಾಜರಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಮೇಷ್ಟ್ರು ನಕ್ಷೆ ಬರೆಯುವವರು. ಊರು ಮೈಸೂರು. ಗಲ್ಫಿಗೆ ಬರುವ ಮುಂಚೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದುದರಿಂದ ಕ್ಯಾಂಪಿಗೆಲ್ಲ ಅವರು ಮೇಷ್ಟ್ರೇ.

ವರ್ಷಕ್ಕೊಮ್ಮೆ ನಾವು ಕನ್ನಡದವರು ಸೇರಿ ಮೆಸ್ ಹಾಲಿನಲ್ಲಿ ಒಂದು ನಾಟಕ ಆಡುತ್ತಿದ್ದೆವು. ಶುಕ್ರವಾರ, ರಜೆಯ ದಿನ, ಮಧ್ಯಾಹ್ನದ ಊಟದ ನಂತರ. ಕ್ಯಾಂಪಿನ ಮೇಲ್ವಿಚಾರಕ ಈಜಿಪ್ಟಿನವನು. ಬಾಗಿಲು ಹಾಕಿರಬೇಕು, ಸದ್ದು ಹೊರಗೆ ಹೋಗಬಾರದು, ಚಪ್ಪಾಳೆಯಂತೂ ಕೂಡದು ಎಂಬ ಕರಾರಿನ ಮೇಲೆ ಒಪ್ಪಿಗೆ ಕೊಡುತ್ತಿದ್ದ. ನಾಟಕವನ್ನು ನಮ್ಮಲ್ಲೇ ಯಾರಾದರೂ ಬರೆಯುತ್ತಿದ್ದರು. ತಾಲೀಮು ಹೊತ್ತಿಗೆ ಸರಿಯಾಗಿ ನಡೆಸುವುದು ನನ್ನ ಕೆಲಸ. ವೇಷಭೂಷಣ ಮೇಷ್ಟ್ರದು.

ಆ ವರ್ಷದ್ದು, ಸ್ವಂತ ತಮ್ಮನಿಗೇ ಗಡೀಪಾರಿನ ಶಿಕ್ಷೆ ವಿಧಿಸಬೇಕಾದ ಒಬ್ಬ ರಾಣಿಯ ಕಥೆ. ರಾಣಿಯ ಪಾತ್ರಕ್ಕೆ ಸ್ಟೋರಿನ ತೆಳ್ಳಗಿನ ಗುಮಾಸ್ತನೊಬ್ಬ ತಯಾರಾಗಿದ್ದ. ನಾಟಕಕ್ಕೆ ಎರಡು ದಿನ ಇರುವಾಗ ಕಂಪನಿ ಅವನನ್ನು ದೂರದ ಉನೈಜಾ ಊರಿನ ಕೆಲಸಕ್ಕೆ ಕಳಿಸಿಬಿಟ್ಟಿತು. ಇನ್ನು ರಾಣಿಯ ಮಾತುಗಳೆಲ್ಲ ಬಾಯಿಗೆ ಬರುತ್ತಿದ್ದುದು ಒಬ್ಬನಿಗೇ. ಮರೆಯಲ್ಲಿ ಕುಳಿತು ಮಾತು ನೆನಪಿಸುತ್ತಿದ್ದ ಕಾರ್ಕಳದ ವೆಲ್ಡರ್ ಅವನು. ಎಳೆಯ ವಯಸ್ಸಿನಲ್ಲಿ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡಿದ್ದವನು. ರಾಣಿಗೆ ಬೇಕಾದ ನಡಿಗೆ ಇತ್ತು, ಕಣ್ಣು ಇತ್ತು. ಜೊತೆಗೆ ಮೇಲ್ದುಟಿ ಮುಚ್ಚುವಷ್ಟು ದಪ್ಪ ಮೀಸೆಯೂ ಇತ್ತು.

ಅದನ್ನು ತೆಗೆಯಲು ಅವನು ಸುತರಾಂ ಒಪ್ಪಲಿಲ್ಲ. ನಮ್ಮಲ್ಲಿ ಗಂಡುಮಕ್ಕಳು ಮೀಸೆ ಬೋಳಿಸುವುದು ತಂದೆತಾಯಿ ತೀರಿಕೊಂಡಾಗ. ಅವನ ಅಪ್ಪ ಆಗ ಉಡುಪಿಯ ಆಸ್ಪತ್ರೆಯಲ್ಲಿದ್ದರು. ರಜೆ ಕೇಳಿದ್ದ. ಆದರೆ ಪಾಸ್‌ಪೋರ್ಟ್ ವೀಸಾ ಕೊಟ್ಟು ಕರೆಸಿಕೊಂಡಿದ್ದ ಅರಬ್ ಧಣಿ, ಕಫೀಲನ ಬಳಿ ಇತ್ತು, ಕಫೀಲ್ ಪರದೇಶ ಪ್ರವಾಸದಲ್ಲಿದ್ದ. ಅಪ್ಪನಿಗಾಗಿ ಅಲ್ಲಿಂದ ಅವನು ಮಾಡಬಹುದಾಗಿದ್ದುದು ಆ ಮೀಸೆ ಉಳಿಸಿಕೊಳ್ಳುವುದೊಂದೇ.

"ಏನ್ರೀ ಇದು, ಮೂರು ವಾರಕ್ಕೆ ಮತ್ತೆ ಬರುತ್ತಲ್ಲ!" ಎಂದರು ನಾಟಕ ಬರೆದಿದ್ದ ಬೆಂಗಳೂರಿನ ಎಂಜಿನಿಯರ್.

"ಮೀಸೆ ಬರ್ತದೆ ಸರ್. ಅಪ್ಪ ಬರ್ತಾರಾ?"

ಪುತ್ತೂರಿನ ಕ್ರೇನ್ ಡ್ರೈವರನಿಗೆ ಸುಮ್ಮನಿದ್ದು ಗೊತ್ತಿರಲಿಲ್ಲ. "ರಾಣಿಗೆ ಮೀಸೆ ಇದ್ರೆ ಎಂತ ಮಾರಾಯ್ರೆ? ನಮ್ಮ ಫೋರ್‌ಮನ್ನಿಗೆ ತಲೆಯೇ ಇಲ್ಲ, ಕೆಲಸ ನಡೀತಾ ಇಲ್ವಾ?"

ಎಲ್ಲರೂ ನಕ್ಕರು, ವೆಲ್ಡರನೂ ನಕ್ಕ. ಮೀಸೆಯ ಮೇಲೆ ಮೈಬಣ್ಣದ ಪೌಡರು ಕಲಸಿ ಮೆತ್ತಿ ನೋಡಿದೆವು. ಚಪಾತಿ ಹಿಟ್ಟು ಅಂಟಿದಂತೆ ಕಂಡಿತು. ಅವನು ಮುಖ ಒರೆಸಿಕೊಂಡು, "ಬೇಡ, ಇದು ಆಗ್ಲಿಕ್ಕಿಲ್ಲ. ಬೇರೆ ಯಾರಾದ್ರೂ ನಿಲ್ಲಲಿ, ನಾನು ಮಾತು ಹೇಳಿ ಕೊಡ್ತೇನೆ," ಎಂದ. ನಿಲ್ಲಲು ಬೇರೆ ಯಾರೂ ಇರಲಿಲ್ಲ. ನಾಟಕ ನಿಂತಂತೆಯೇ ಎಂದು ನಾನು ಕುರ್ಚಿಗಳನ್ನು ಮಡಚತೊಡಗಿದೆ.

ಅಷ್ಟರಲ್ಲಿ ಮುಲ್ತಾನಿನ ಅಡುಗೆಯವನು ಅನ್ನದ ಪಾತ್ರೆ ಹಿಡಿದು ಬಂದ. ಅಡುಗೆಮನೆಯ ಬಾಗಿಲಿಗೆ ಜೇನುಬಣ್ಣದ ಮಣಿಗಳ ಪರದೆ ಇತ್ತು. ಒಂದು ಕ್ಷಣ ಅವನ ಕಣ್ಣು ಮಾತ್ರ ಕಂಡವು, ಉಳಿದ ಮುಖವೆಲ್ಲ ಮಣಿಗಳ ಹಿಂದೆ. ಅದುವರೆಗೆ ಒಂದು ಮಾತೂ ಆಡದಿದ್ದ ಮೇಷ್ಟ್ರು ಎದ್ದುಹೋಗಿ ಪರದೆಯನ್ನೇ ಬಿಚ್ಚತೊಡಗಿದರು.

"ಮಾಸ್ಟರ್‌ಜೀ! ಮಖ್ಖಿಯಾಂ ಆಯೇಂಗೀ!" ಎಂದು ಅಡುಗೆಯವನು ಕೂಗಿಕೊಂಡ.

"ಆನೇ ದೋ ಭಾಯಿ, ನೊಣಗಳೂ ನಾಟಕ ನೋಡಿಕೊಂಡು ಹೋಗಲಿ," ಎಂದರು ಮೇಷ್ಟ್ರು, ಅರ್ಧ ಅವನ ಭಾಷೆಯಲ್ಲಿ, ಅರ್ಧ ನಮ್ಮದರಲ್ಲಿ.

ಏರ್‌ಕಂಡೀಷನರಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಮೊಳದೆತ್ತರದ ಕಿರೀಟ ಮಾಡಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಗೆ, ಮೂಗಿನ ಮೇಲೆ ಹಾಯುವಂತೆ ಒಂದು ಪಟ್ಟಿ ಕಟ್ಟಿ, ಅದರಿಂದ ಸೊಂಟದವರೆಗೆ ಮಣಿಸರಗಳನ್ನು ಇಳಿಬಿಟ್ಟರು. ಕಣ್ಣಿಗೆ ದಪ್ಪ ಕಾಡಿಗೆ. ಉಟ್ಟದ್ದು ಅಚ್ಚ ಬಿಳಿ ಹಾಸಿಗೆ ಬಟ್ಟೆ, ನೆರಿಗೆ ಹಿಡಿದು. "ಬೇಗ ತಿರುಗಬೇಡ, ನಿಧಾನ ನಡಿ. ಮಿಕ್ಕದ್ದು ಇವೇ ನೋಡಿಕೊಳ್ಳುತ್ತವೆ," ಎಂದು ಮಣಿಗಳನ್ನು ತೋರಿಸಿದರು. ವೆಲ್ಡರ್ ಕನ್ನಡಿ ನೋಡಿಕೊಂಡು, "ಮಾಷ್ಟ್ರೇ, ಇದು ನಾನಾ?" ಎಂದ.

ಶುಕ್ರವಾರ ಹಾಲು ತುಂಬಿತ್ತು. ರಾಣಿ ಬರುವ ಮೊದಲು ಸದ್ದು ಬಂತು. ಆಮೇಲೆ ಕಿರೀಟ, ಆಮೇಲೆ ಆ ಕಣ್ಣುಗಳು. ಕ್ರೇನ್ ಡ್ರೈವರ್ ಕೂಡ ಬಾಯಿ ಮುಚ್ಚಿದ. ತೀರ್ಪಿನ ದೃಶ್ಯದಲ್ಲಿ ತಮ್ಮ ಬಂದು ಅಕ್ಕನ ಕಾಲಿಗೆ ಬಿದ್ದ. ರಾಣಿ ಅಲುಗಲಿಲ್ಲ. ಧ್ವನಿ ಏರಿಸದೆ ಶಿಕ್ಷೆ ಹೇಳಿ ಮುಗಿಸಿದಳು. ಮಾತು ನಿಂತಿತು, ಮಣಿಗಳು ನಿಲ್ಲಲಿಲ್ಲ. ನೆಟ್ಟಗೆ ನಿಂತ ಆ ಬಿಳಿ ಆಕೃತಿಯ ಮೇಲೆ ಅವು ನಡುಗುತ್ತಲೇ ಇದ್ದವು, ಸಳಸಳ, ಸಳಸಳ... ನನ್ನ ಪಕ್ಕದಲ್ಲಿ ಕೂತಿದ್ದ, ಒಂದಕ್ಷರ ಕನ್ನಡ ಬಾರದ ಅಡುಗೆಯವನು ಕಣ್ಣೊರೆಸಿಕೊಳ್ಳುತ್ತಿದ್ದ.

ನಾಟಕ ಮುಗಿದಾಗ ಕರಾರು ಯಾರಿಗೂ ನೆನಪಿರಲಿಲ್ಲ. ಬೆಂಚು ಬಡಿದರು, ಶಿಳ್ಳೆ ಹಾಕಿದರು. ಮೇಲ್ವಿಚಾರಕ ಎದ್ದು ನಿಂತು "ಖಲಾಸ್, ಖಲಾಸ್!" ಎಂದು ಕೈ ಬೀಸಿದ. ಯಾರೂ ಕೇಳಲಿಲ್ಲ. ಕಡೆಗೆ ತಾನೂ ಚಪ್ಪಾಳೆ ತಟ್ಟತೊಡಗಿದ. ಅಂಥ ಗೆಲುವನ್ನು ನಮ್ಮ ಕ್ಯಾಂಪು ಮತ್ತೆ ಕಾಣಲಿಲ್ಲ.

ಚಹಾ ಕುಡಿಯುವಾಗ ಚರ್ಚೆಯೋ ಚರ್ಚೆ. ಅಧಿಕಾರಕ್ಕೆ ಮುಖವಿಲ್ಲ ಎಂಬುದೇ ಮೇಷ್ಟ್ರ ಉದ್ದೇಶ ಎಂದರು ಎಂಜಿನಿಯರ್. ಸಂತೆಯಲ್ಲಿ ಕೂರುವ, ಮರುಭೂಮಿಯ ಬದೂ ಹೆಂಗಸರ ಮುಸುಕು ನೋಡಿ ಹೊಳೆದದ್ದು ಎಂದರು ನಾಟಕ ನೋಡಲು ಜುಬೈಲ್ ಪಟ್ಟಣದಿಂದ ಬಂದಿದ್ದವರು. ಮೇಷ್ಟ್ರು ಇಬ್ಬರಿಗೂ "ಹೌದೌದು" ಎನ್ನುತ್ತ ಚಹಾ ಕುಡಿದರು.

ಅವರು ಕಿರೀಟ ಬಿಚ್ಚಿಡುವಾಗ, "ಮೀಸೆ ಮುಚ್ಚಲಿಕ್ಕೆ ಅಂತ ಹೇಳಿಬಿಡಬಹುದಿತ್ತಲ್ಲ ಸಾರ್?" ಎಂದೆ.

"ಮೀಸೆ ಮುಚ್ಚೋಕೆ ಒಂದು ಕರವಸ್ತ್ರ ಸಾಕಾಗಿತ್ತು ಕಣ್ರೀ," ಎಂದರು. "ಒಂದು ರೂಮಿಗೆ ಆರು ಜನ ಮಲಗ್ತೀವಿ. ಅಪ್ಪ ಆಸ್ಪತ್ರೇಲಿದಾರೆ ಅಂತ ಕೇಳಿದಾಗಿಂದ ಆ ಹುಡುಗ ಅಳೋಕೆ ಎಲ್ಲಿ ಜಾಗ ಇತ್ತು, ಹೇಳಿ? ಇವತ್ತು ಎಲ್ಲರ ಎದುರಿಗೇ ಅತ್ತ. ತಲೆ ಎತ್ತಿಕೊಂಡು ಅತ್ತ. ಒಬ್ಬರೂ ಅಯ್ಯೋ ಪಾಪ ಅನ್ನಲಿಲ್ಲ."

ಅಪ್ಪ ಚೇತರಿಸಿಕೊಂಡರು. ಕಫೀಲ್ ಮರಳಿದ ಮೇಲೆ ವೆಲ್ಡರ್ ಊರಿಗೆ ಹೋಗಿ, ಮನೆಯ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು ಫೋಟೊ ತೆಗೆಸಿ ಕಳಿಸಿದ. ಇಬ್ಬರಿಗೂ ಭರ್ಜರಿ ಮೀಸೆ. ಮೇಷ್ಟ್ರು ಅದನ್ನು ತಮ್ಮ ನಕ್ಷೆಯ ಮೇಜಿನ ಮೇಲೆ ಅಂಟಿಸಿಕೊಂಡಿದ್ದರು. ಆ ತಂದೆ ಆಮೇಲೂ ಎಷ್ಟೋ ವರ್ಷ ಬದುಕಿದ್ದರೆಂದು ಕೇಳಿದ್ದೇನೆ.

ಮೇಷ್ಟ್ರು ಕಳೆದ ತಿಂಗಳು ಹೋದರು. ಸುದ್ದಿ ತಡವಾಗಿ ಮುಟ್ಟಿ, ನಾನು ಮೈಸೂರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮನೆಯ ಗೇಟಿನ ಬಳಿ ಒಬ್ಬ ದಪ್ಪನೆಯ ನಡುವಯಸ್ಸಿನವನು ಬಂದವರಿಗೆ ನೀರು ಕೊಡುತ್ತಿದ್ದ. ನುಣ್ಣಗೆ ಬೋಳಿಸಿದ ಮುಖ. ಮೇಷ್ಟ್ರಿಗೆ ಇದ್ದುದು ಒಬ್ಬಳೇ ಮಗಳು. ಅಳಿಯನಿರಬೇಕು ಎಂದುಕೊಂಡು ಲೋಟ ತೆಗೆದುಕೊಂಡೆ.

"ಗುರ್ತ ಸಿಗ್ಲಿಲ್ವಾ ಸರ್? ನಾನು, ಕಾರ್ಕಳದವ."

ನಾನು ಅವನ ಮೇಲ್ದುಟಿಯನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. ಅವನು ಬೆರಳಿನಿಂದ ಅಲ್ಲಿ ಒಮ್ಮೆ ಸವರಿಕೊಂಡ.

"ಅಪ್ಪ ಹೋದಾಗ ಒಮ್ಮೆ ತೆಗೆದಿದ್ದೆ," ಎಂದ. "ಇದು ಎರಡನೇ ಸಲ."