ಅತ್ತೆಗೆ ಬಂದ 'ವರ್'

ನನಗೆ ಬರುವ ಇಂಗ್ಲಿಷಿನಲ್ಲಿ ತಪ್ಪಿಲ್ಲದ ಮಾತು ಒಂದೇ ಒಂದು. ಅದೂ ಕೇಳಿದವರಿಗೆ ತಪ್ಪಾಗಿಯೇ ಕಾಣುತ್ತದೆ: 'ಇಫ್ ಐ ವರ್...'

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದ ಮೇಲೆ ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಾರೆ. ಟೀಚರಮ್ಮ ತಮಿಳಿನವರು. 'ಐ' ಜೊತೆಗೆ 'ವಾಸ್' ಬರಬೇಕೆಂದು ವಾರಗಟ್ಟಲೆ ತಲೆಗೆ ತುರುಕಿದವರು, ಒಂದು ಸಂಜೆ ಇದ್ದಕ್ಕಿದ್ದಂತೆ 'ವರ್' ಅಂದುಬಿಟ್ಟರು. ಇಲ್ಲದ್ದನ್ನು ಇದ್ದ ಹಾಗೆ ಊಹಿಸುವಾಗ ಹೀಗೇ ಹೇಳಬೇಕಂತೆ. ಕನ್ನಡದಲ್ಲಿ ರಾಣಿಯಾಗುವುದಕ್ಕೆ ಒಂದು 'ಆಗಿದ್ದರೆ' ಸಾಕು. ಇಂಗ್ಲಿಷಿನವರು ಒಬ್ಬಳನ್ನೇ ಬಹುವಚನದಲ್ಲಿ ಕೂರಿಸುತ್ತಾರೆ. ಊಹೆಯಲ್ಲಾದರೂ ನನಗಿಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದು ಖುಷಿಯಾಯಿತು.

ತಳಿ ಊರಿನ ಬಸ್ಸಿನಲ್ಲಿ ಅದನ್ನೇ ಗೊಣಗಿಕೊಂಡು ಬಂದೆ. ಮನೆಯಲ್ಲಿ ಅತ್ತೆ ಹಜಾರದಲ್ಲಿ ಕೂತು ಸೇವಂತಿಗೆ ಆರಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಜೋರಾಗಿ ಅಭ್ಯಾಸ ಮಾಡತೊಡಗಿದೆ. ಅರ್ಥ ಮರೆಯಬಾರದೆಂದು ಪ್ರತಿಯೊಂದನ್ನೂ ಕನ್ನಡದಲ್ಲೂ ಹೇಳಿಕೊಂಡೆ. ಹಕ್ಕಿಯಾದೆ, ರಾಣಿಯಾದೆ. ಆಮೇಲೆ, "ನಾನು ಅತ್ತೆಯಾಗಿದ್ದರೆ, ಭಾನುವಾರ ಸೊಸೆಯನ್ನು ಹೊತ್ತೇರುವ ತನಕ ಮಲಗಲು ಬಿಡುತ್ತಿದ್ದೆ" ಎಂದೆ.

ಅದು ಹಜಾರಕ್ಕೂ ಕೇಳಿಸಿತು. ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ಏನು ಬೇಕಿದ್ದರೂ ಹಸುವಿಗೆ ಹೇಳುತ್ತಿದ್ದರು. ಹಸುವಿಗೆ ಹೇಳಿದ್ದನ್ನು ಕೇಳಿಸಿಕೊಂಡು ನಾನು ಕಾಫಿ ತಂದುಕೊಡುತ್ತಿದ್ದೆ.

ಕೊನೆಗೆ ತಡೆಯಲಾರದೆ ಪಕ್ಕದಲ್ಲಿ ಕೂತು ವ್ಯಾಕರಣ ಬಿಡಿಸಿ ಹೇಳಿದೆ. 'ವರ್' ಹಾಕಿದರೆ ಅದು ನಿಜದ ಮಾತಲ್ಲ, ಬರೀ ಊಹೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ ಎಂದೆ. ಕೊನೆಯ ನಿಯಮ ಟೀಚರಮ್ಮ ಹೇಳಿದ್ದಲ್ಲ, ನಾನೇ ಸೇರಿಸಿದ್ದು.

ಅತ್ತೆ ನನ್ನ ಕಡೆ ತಿರುಗಿದರು. "ಹಂಗಾದ್ರೆ 'ವರ್' ಹಾಕ್ಬುಟ್ಟು ಏನ್ ಬೇಕಾದ್ರೂ ಅನ್ಬೌದಾ?"

ಅನ್ನಬಹುದು ಎಂದೆ.

"ನಾನು ಸೊಸೆ ವರ್ ಆಗಿದ್ರೆ, ಸಾರಿಗೆ ಇಷ್ಟೊಂದು ಉಪ್ಪು ಹಾಕ್ತಿರ್ಲಿಲ್ಲ."

ಅಲ್ಲಿಂದ ನಮ್ಮ ಮನೆಯಲ್ಲಿ ಜಗಳವೇ ಇಲ್ಲ, ಎಲ್ಲವೂ ಊಹೆ. ಮದುವೆಯಾದಾಗಿನಿಂದ ಇಬ್ಬರೂ ನುಂಗಿಕೊಂಡಿದ್ದದ್ದೆಲ್ಲ 'ವರ್' ಹೊದ್ದುಕೊಂಡು ಒಂದೊಂದಾಗಿ ಹೊರಗೆ ಬಂತು. ನಾನು ಉಪ್ಪು ಕಡಿಮೆ ಮಾಡಿದೆ. ಭಾನುವಾರ ಬಿಸಿಲು ಮುಖಕ್ಕೆ ಬೀಳುವವರೆಗೂ ನನ್ನನ್ನು ಯಾರೂ ಎಬ್ಬಿಸಲಿಲ್ಲ.

ಈ ವ್ಯಾಕರಣದಿಂದ ಹೊರಗಿದ್ದವರು ನನ್ನ ಗಂಡ ಒಬ್ಬರೇ. ಒಂದು ಮಧ್ಯಾಹ್ನ ಅತ್ತೆ ಮಗನ ಕಡೆ ತಿರುಗಿ, ತಾನು ಗಂಡಸು ವರ್ ಆಗಿದ್ದರೆ ಮುದ್ದೆ ತಿರುವುವುದನ್ನು ಕಲಿಯುತ್ತಿದ್ದೆ ಎಂದರು. ಊಹೆ ಯಾವುದು, ಅಪ್ಪಣೆ ಯಾವುದು ಎಂದು ತಿಳಿಯದ ಮನುಷ್ಯ ಎದ್ದು ಒಲೆಯ ಮುಂದೆ ಹೋದರು. ಬೆವರಿ, ಬೆರಳು ಸುಟ್ಟುಕೊಂಡು, ಮೂವರಿಗೂ ತಾವೇ ಬಡಿಸಿದರು. ಮುದ್ದೆಯೊಳಗೆ ಗಂಟು, ಗಂಟಿನೊಳಗೆ ಹಸಿ ಹಿಟ್ಟು.

ಅತ್ತೆ ಒಂದು ತುತ್ತು ನುಂಗಿದರು. ಆಸೆಯಿಂದ ಕಾಯುತ್ತಿದ್ದ ಮಗನ ಮುಖ ನೋಡಿದರು. ಆಮೇಲೆ ನನ್ನ ಕಡೆ ಬಾಗಿ, "ಇದು ಮುದ್ದೆ ವರ್ ಕಣಮ್ಮಿ" ಎಂದರು.

ಹಾಗೆಂದರೇನು ಎಂದು ಗಂಡ ಕೇಳಿದರು.

"ಚೆನ್ನಾಗೈತೆ ಅಂತ," ಎಂದೆ.